ಸೊನ್ನೆ ಟನ್ನಿನ ಲಾರಿಗಳು

ಹಾಸನದ ಲಾಡ್ಜೊಂದರ ಕೋಣೆಯಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಲ್ಯಾಪ್‌ಟಾಪ್ ತೆರೆದು ಕುಳಿತಿದ್ದೆ. ಶಿರಾಡಿ ಘಾಟಿಯ ಬುಡದ ಗುಂಡ್ಯದಲ್ಲಿ ನಮ್ಮ ಹುಡುಗರು ಮೂರು ದಿನ ಲಾರಿ ನಿಲ್ಲಿಸಿ, ಕೇಳಿ, ಬರೆದುಕೊಂಡ ಲೆಕ್ಕ ಎದುರಿಗಿತ್ತು. ಎಲ್ಲ ಸರಿಯಾಗಿದೆ ಎಂದು ಮುಚ್ಚಿ ಮಲಗಬೇಕು ಅನ್ನುವಷ್ಟರಲ್ಲಿ ಒಂದು ಸಾಲಿನ ಮೇಲೆ ಕಣ್ಣು ನಿಂತಿತು. ಹತ್ತು ಚಕ್ರದ ಲಾರಿ, ಮಂಗಳೂರಿನಿಂದ ಹಾಸನಕ್ಕೆ, ಸರಕು ‘ಇತರೆ’, ತೂಕ ಒಂದು ಟನ್. ಅದರ ಕೆಳಗೆ ಹನ್ನೆರಡು ಚಕ್ರದ ಗಾಡಿ, ಅದೂ ಇತರೆ, ಅದೂ ಒಂದು ಟನ್. ಪುಟ ಇಳಿಸುತ್ತ ಹೋದಂತೆ ಒಂದು ಟನ್ನಿನ ಲಾರಿಗಳ ಮೆರವಣಿಗೆಯೇ ಕಾಣಿಸಿತು. ಅಷ್ಟು ದೊಡ್ಡ ಗಾಡಿಗೆ ಒಂದು ಟನ್ ಹಾಕಿ ಶಿರಾಡಿ ಘಾಟಿ ಹತ್ತಿಸುವ ಧಣಿ ಯಾವ ಊರಲ್ಲೂ ಇಲ್ಲ. ಡೀಸೆಲ್ ಕಾಸೂ ಹುಟ್ಟುವುದಿಲ್ಲ.

ಇದು 2024ರ ಫೆಬ್ರವರಿಯ ಮಾತು. ನಾನು ಓದಿದ್ದು ಸಿವಿಲ್ ಎಂಜಿನಿಯರಿಂಗ್, ಹೊಟ್ಟೆಪಾಡು ಸಾರಿಗೆ ಯೋಜನೆ. ಹಾಸನ, ಚಿಕ್ಕಮಗಳೂರು, ದಕ್ಷಿಣ ಕನ್ನಡ ಮೂರೂ ಜಿಲ್ಲೆಗಳನ್ನು ಒಂದೇ ಪ್ರದೇಶವೆಂದು ಹಿಡಿದು, ಇಲ್ಲಿ ಹುಟ್ಟುವ ಮಾಲು ಎಲ್ಲಿಗೆ ಹೋಗುತ್ತದೆ, ಹೊರಗಿನದು ಎಲ್ಲಿಂದ ಬರುತ್ತದೆ, ಆ ಓಡಾಟವನ್ನು ಸಲೀಸು ಮಾಡಿದರೆ ಇಲ್ಲಿನ ವ್ಯಾಪಾರಕ್ಕೂ ಕೃಷಿಗೂ ಕೈಗಾರಿಕೆಗೂ ಏನು ಲಾಭ ಎಂದು ಬರೆದುಕೊಡುವ ಕೆಲಸ ನಮ್ಮ ಸಣ್ಣ ತಂಡಕ್ಕೆ ಬಂದಿತ್ತು. 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿ ಹೊರಬಂದ ಮೇಲೆ ಇಂಥ ವರದಿಗಳಿಗೆ ಬೇಡಿಕೆ ಹೆಚ್ಚಿದೆ. ಕೆಲಸ ಒಪ್ಪಿಕೊಂಡಾಗ ನನ್ನ ಮನಸ್ಸಿನಲ್ಲಿ ವರದಿ ಮುಕ್ಕಾಲು ಪಾಲು ಬರೆದು ಮುಗಿದಿತ್ತು ಎಂಬುದನ್ನು ಒಪ್ಪಿಕೊಂಡುಬಿಡುತ್ತೇನೆ. ರಸ್ತೆ ಅಗಲವಾಗಬೇಕು, ಹಾಸನದ ಹೊರವಲಯದಲ್ಲಿ ನೂರು ಎಕರೆಯ ಟ್ರಕ್ ಟರ್ಮಿನಲ್ ಬೇಕು, ರೈಲಿಗೆ ಹೆಚ್ಚು ಸರಕು ಹೋಗಬೇಕು. ಇನ್ನು ಅಂಕಿ ತುಂಬಿಸಿದರೆ ಆಯಿತು.

ಆದರೆ ಆ ಅಂಕಿಯೇ ಸಿಗಲಿಲ್ಲ. ಫಾಸ್ಟ್ಯಾಗ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಟೋಲ್ ಗೇಟಿನ ಲೆಕ್ಕ ಎಷ್ಟು ಚಕ್ರದ ಗಾಡಿ ದಾಟಿತು ಎಂದು ಹೇಳುತ್ತದೆಯೇ ಹೊರತು ಅದರೊಳಗೆ ಏನಿತ್ತು ಎಂದಲ್ಲ. ಸರಕಿನ ಜೊತೆ ಒಯ್ಯಬೇಕಾದ ಜಿಎಸ್‌ಟಿ ಚೀಟಿ, ಇ-ವೇ ಬಿಲ್ ಆದರೂ ಉಂಟಲ್ಲ? ರಾಜ್ಯದೊಳಗಿನ ಸಾಗಣೆಗೂ ಅದನ್ನು 2018ರ ಏಪ್ರಿಲ್ 1ರಿಂದಲೇ ಜಾರಿಗೆ ತಂದ ಮೊದಲ ರಾಜ್ಯ ನಮ್ಮದು. ಆದರೆ 50,000 ರೂಪಾಯಿ ಮೀರದ ಮಾಲಿಗೆ ಸಾಮಾನ್ಯವಾಗಿ ಬಿಲ್ ಬೇಡ, ತರಕಾರಿಗೆ ಬೇಡ, ಖಾಲಿ ಲಾರಿಗಂತೂ ಬಿಲ್ ಎಂಬುದೇ ಇಲ್ಲ. ಇದ್ದ ಮಾಹಿತಿಯನ್ನಾದರೂ ಕೊಡಿ ಎಂದು ಕೇಳಿದ ಕಚೇರಿಯಲ್ಲಿ ನಮ್ಮ ಪತ್ರಕ್ಕೆ ಸ್ವೀಕೃತಿ ಮುದ್ರೆ ಬಿತ್ತು. ಸಿಕ್ಕಿದ್ದು ಆ ಮುದ್ರೆ ಮಾತ್ರ. ಹೀಗಾಗಿ ಹಳೆಯ ದಾರಿಯೇ ಗತಿಯಾಯಿತು: ರಸ್ತೆಯಲ್ಲಿ ನಿಂತು ಲಾರಿ ತಡೆದು ಕೇಳುವುದು.

ಗುಂಡ್ಯವನ್ನು ಆರಿಸಿದ್ದಕ್ಕೆ ಕಾರಣವಿತ್ತು. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75 ಘಾಟಿ ಇಳಿದು ಬಯಲಿಗೆ ಬರುವ ಬಾಗಿಲು ಅದು. ಚಾರ್ಮಾಡಿಯಲ್ಲಿ ಭಾರಿ ವಾಹನಗಳನ್ನು ಬಿಡುವುದಿಲ್ಲ, ಆಗುಂಬೆಯ ತಿರುವುಗಳಲ್ಲಿ ಸಾಧ್ಯವೇ ಇಲ್ಲ, ಸಂಪಾಜೆ ಸುತ್ತು. ಹಾಸನದ ಕಡೆಯ ದೊಡ್ಡ ಲಾರಿ ಕಡಲಿಗೆ ಇಳಿಯಬೇಕೆಂದರೆ ಬಹುಪಾಲು ಇಲ್ಲೇ ಹಾಯಬೇಕು. ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಬಣ್ಣದ ಕೊಡೆ, ಮಿನುಗುವ ಜಾಕೆಟ್ ತೊಟ್ಟ ಪದವಿ ಕಾಲೇಜಿನ ಹುಡುಗ ಹುಡುಗಿಯರು, ಗಾಡಿ ನಿಲ್ಲಿಸಲು ಒಬ್ಬ ಪೊಲೀಸ್ ಪೇದೆ. ಇಷ್ಟೇ ನಮ್ಮ ಸಮೀಕ್ಷಾ ಠಾಣೆ. ಪ್ರತಿಯೊಬ್ಬರ ಕೈಯಲ್ಲೂ ಟ್ಯಾಬ್, ಅದರಲ್ಲಿ ನಾನೇ ಕುಳಿತು ಹೊಂದಿಸಿದ ಆಪ್. ಎಲ್ಲಿಂದ, ಎಲ್ಲಿಗೆ, ಏನು, ಎಷ್ಟು ಟನ್, ಬಾಡಿಗೆ ಎಷ್ಟು. ಎರಡು ನಿಮಿಷದಲ್ಲಿ ಮುಗಿಯಬೇಕು. ಅದಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಹಿಂದೆ ಹಾರ್ನ್ ಮೊಳಗುತ್ತದೆ, ಪೇದೆಯ ಮುಖ ಗಂಟಿಕ್ಕುತ್ತದೆ.

ಲಾರಿಯವರು ನಮ್ಮನ್ನು ಆರ್‌ಟಿಒ ಕಡೆಯವರೆಂದೇ ತಿಳಿದಿದ್ದರು. ಕೇಳುವ ಮೊದಲೇ ಕ್ಲೀನರ್ ಕಾಗದದ ಕಟ್ಟು ಹಿಡಿದು ಇಳಿಯುತ್ತಿದ್ದ, ಕೆಲವರ ಮುಷ್ಟಿಯಲ್ಲಿ ಮಡಿಸಿದ ನೋಟು. ಬೇಡ ಅಣ್ಣ, ಬರೀ ಎರಡು ಮಾತು ಕೇಳಬೇಕು ಎಂದರೆ ಅನುಮಾನ ಇನ್ನೂ ಜಾಸ್ತಿಯಾಗುತ್ತಿತ್ತು. ನಾಮಕ್ಕಲ್‌ನ ಚಾಲಕರೊಡನೆ ತಮಿಳು ಬರುವ ಒಬ್ಬನೇ ಹುಡುಗ ಮಾತಾಡಬೇಕಿತ್ತು. ಅವನು ಚಹಾ ಕುಡಿಯಲು ಹೋದಾಗ ಬಂದ ತಮಿಳುನಾಡಿನ ಗಾಡಿಗಳೆಲ್ಲ ‘ಸಿಮೆಂಟ್’ ಸಾಗಿಸಿದವು. ಮೀನಿನ ಗಾಡಿಗಳು ಮಾತ್ರ ನಿಲ್ಲುತ್ತಲೇ ಇರಲಿಲ್ಲ. ಐಸು ಕರಗಿದರೆ ನೀವು ಕೊಡುತ್ತೀರಾ ಎಂದು ಕೂಗಿ ಹೋದವನ ಮಾತಿಗೆ ಎದುರಾಡಲು ನಮ್ಮಲ್ಲಿ ಏನೂ ಇರಲಿಲ್ಲ. ಪೇದೆಯೇ ಕೈ ಬೀಸಿ ದಾರಿ ಬಿಟ್ಟ.

ಒಂದು ಟನ್ನಿನ ಗುಟ್ಟು ತಿಳಿಯಲು ಮರುದಿನ ಬೆಳಿಗ್ಗೆಯೇ ಘಾಟಿ ಇಳಿದೆ. ಪಾಳಿಯಲ್ಲಿ ಬಿ.ಕಾಂ. ಎರಡನೇ ವರ್ಷದ ಹುಡುಗಿಯೊಬ್ಬಳಿದ್ದಳು. ಏನಮ್ಮ ಈ ಇತರೆ ಎಂದು ಕೇಳಿದೆ. ಅವಳು ಟ್ಯಾಬ್ ತಿರುಗಿಸಿ ತೋರಿಸಿದಳು. “ಸರ್, ಗಾಡಿ ಖಾಲಿ ಇದ್ದರೆ ಸೊನ್ನೆ ಹೊಡೆಯಬೇಕಲ್ಲ? ಸೊನ್ನೆ ಹೊಡೆದರೆ ಮುಂದಿನ ಪುಟಕ್ಕೆ ಹೋಗುವುದೇ ಇಲ್ಲ. ಅದಕ್ಕೇ ಎಲ್ಲರೂ ಒಂದು ಅಂತ ಹಾಕುತ್ತಿದ್ದೇವೆ. ಮೊದಲ ದಿನವೇ ಗ್ರೂಪಿನಲ್ಲಿ ಕೇಳಿದ್ದೆ, ನೀವು ಹೆಬ್ಬೆಟ್ಟು ಹಾಕಿದಿರಿ.”

ಹಾಕಿದ್ದೆ. ಮೊಬೈಲಿನಲ್ಲಿ ಅವಳ ಪ್ರಶ್ನೆಯನ್ನು ಓದದೆಯೇ ಸರಿ ಎಂಬ ಹೆಬ್ಬೆಟ್ಟು ಒತ್ತಿದ್ದೆ. ತೂಕದ ಜಾಗದಲ್ಲಿ ಸೊನ್ನೆ ಬಂದರೆ ಅದು ಬರೆಯಲು ಮರೆತದ್ದು ಎಂದು ಆಪ್‌ಗೆ ಹೇಳಿಕೊಟ್ಟಿದ್ದವನೂ ನಾನೇ. ಸರಕು ಸಾಗಣೆಯ ಸಮೀಕ್ಷೆ ಎಂದಮೇಲೆ ಸರಕು ಇದ್ದೇ ಇರುತ್ತದೆ ಎಂಬುದು ನನ್ನ ಎಣಿಕೆಯಾಗಿತ್ತು. ಖಾಲಿ ಗಾಡಿ ನನ್ನ ಲೆಕ್ಕದಲ್ಲಿ ಹುಟ್ಟಿಯೇ ಇರಲಿಲ್ಲ. ಇನ್ನೂ ಕೆಲವು ಹುಡುಗರು, ಒಂದು ಎಂದು ಸುಳ್ಳು ಬರೆಯುವುದೇಕೆ ಎಂದು ಖಾಲಿ ಗಾಡಿಗಳನ್ನು ನಿಲ್ಲಿಸುವುದನ್ನೇ ಬಿಟ್ಟಿದ್ದರು. ಪ್ರಾಮಾಣಿಕರಿಂದ ಆದ ನಷ್ಟವೇ ಹೆಚ್ಚು.

ಮೂರು ದಿನದ ಕೆಲಸ ನೀರಿನಲ್ಲಿ ಹೋಮವಾಯಿತು. ಆಪ್ ತಿದ್ದಿ, ಪೊಲೀಸರ ಅನುಮತಿಗೆ ಮತ್ತೆ ಅರ್ಜಿ ಹಾಕಿ, ಮಾರ್ಚ್‌ನಲ್ಲಿ ಏಳು ದಿನ ಇಪ್ಪತ್ತನಾಲ್ಕು ಗಂಟೆಯ ಲೆಕ್ಕವನ್ನು ಮೊದಲಿನಿಂದ ತೆಗೆದೆವು. ಖರ್ಚು ನಮ್ಮದೇ. ಈ ಸಲ ಮೊದಲ ಪ್ರಶ್ನೆ ‘ಖಾಲಿಯೇ?’ ಎಂಬುದು. ಹೌದು ಎಂದರೆ ಇನ್ನೆರಡು ಪ್ರಶ್ನೆ: ಎಲ್ಲಿ ಖಾಲಿ ಮಾಡಿದಿರಿ, ಅಲ್ಲಿ ಎಷ್ಟು ಹೊತ್ತು ಕಾದಿರಿ?

ಈ ಎರಡು ಪ್ರಶ್ನೆಗಳು ಇಡೀ ಯೋಜನೆಯನ್ನೇ ಬುಡಮೇಲು ಮಾಡಿದವು. ಬಂದರಿನಿಂದ ಮೇಲಕ್ಕೆ ರಸಗೊಬ್ಬರ, ಖಾದ್ಯ ತೈಲ, ಮರದ ದಿಮ್ಮಿ, ಅಡುಗೆ ಅನಿಲದ ಬುಲೆಟ್ ಟ್ಯಾಂಕರು, ಮೀನು. ಮೇಲಿನಿಂದ ಕೆಳಕ್ಕೆ ಕಾಫಿ, ತರಕಾರಿ, ಅಕ್ಕಿ, ಜೋಳ. ಎರಡೂ ಕಡೆ ಮಾಲು ಇದೆ, ಆದರೆ ಒಂದರ ಗಾಡಿ ಇನ್ನೊಂದಕ್ಕೆ ಆಗುವುದಿಲ್ಲ. ಎಣ್ಣೆಯ ಟ್ಯಾಂಕರಿಗೆ ಕಾಫಿ ತುಂಬಲಾಗದು, ಮೀನು ತಂದ ಪೆಟ್ಟಿಗೆಯಲ್ಲಿ ಅಕ್ಕಿ ಒಯ್ಯಲಾಗದು. ನಾವು ಓದಿದ ಲೆಕ್ಕದಲ್ಲಿ ಲಾರಿಯನ್ನು ಮೂರು ಕಾರಿಗೆ ಸಮ ಎಂದೂ ಬಹು ಅಚ್ಚಿನ ಗಾಡಿಯನ್ನು ನಾಲ್ಕೂವರೆ ಕಾರಿಗೆ ಸಮ ಎಂದೂ ಹಿಡಿಯುತ್ತಾರೆ. ರಸ್ತೆ ಎಷ್ಟು ಅಗಲ ಬೇಕು ಎಂದು ನೋಡಲು ಅದು ಸಾಕು. ಗಾಡಿ ತುಂಬಿದೆಯೋ ಬರಿದೋ ಎಂಬುದು ಆ ಲೆಕ್ಕಕ್ಕೆ ಬೇಕಿಲ್ಲ. ಬಾಡಿಗೆ ಕಟ್ಟುವ ಕಾಫಿ ಬೆಳೆಗಾರನಿಗೆ ಬೇಕು, ಏಕೆಂದರೆ ಬರಿದಾಗಿ ಹೋಗುವ ದಾರಿಯ ಖರ್ಚನ್ನೂ ತುಂಬಿ ಬಂದ ದಾರಿಯ ಮೇಲೇ ಹಾಕುತ್ತಾರೆ.

ಮಧ್ಯೆ ಒಂದು ಮಾತು. ಈ ಘಾಟಿಯಲ್ಲಿ ಆಗಿರುವ ಅತಿ ಜಾಣ ಸರಕು ಯೋಜನೆ ಯಾರ ಕಣ್ಣಿಗೂ ಕಾಣುವುದಿಲ್ಲ, ನೆಲದೊಳಗಿದೆ. 2003ರಲ್ಲಿ ಮಂಗಳೂರು–ಹಾಸನ–ಬೆಂಗಳೂರು ಪೆಟ್ರೋಲಿಯಂ ಕೊಳವೆ ಮಾರ್ಗ ಬಂತು, 2016ರಲ್ಲಿ ಅಡುಗೆ ಅನಿಲಕ್ಕೂ ಮಂಗಳೂರಿನಿಂದ ಹಾಸನ, ಮೈಸೂರಿನ ಮೇಲಾಗಿ ಬೆಂಗಳೂರಿನ ಬಳಿಯ ಸೋಲೂರಿಗೆ ಕೊಳವೆ ಹಾಕಿದರು. ಅವು ಇಲ್ಲದಿದ್ದರೆ ಶಿರಾಡಿಯಲ್ಲಿ ಇನ್ನೆಷ್ಟು ಟ್ಯಾಂಕರು ಸಾಲುಗಟ್ಟುತ್ತಿದ್ದವೋ. ಕೊಳವೆಗೆ ಶಂಕುಸ್ಥಾಪನೆಯ ಫಲಕ ಚೆಂದ ಕಾಣುವುದಿಲ್ಲವೆಂದೋ ಏನೋ, ಅದರ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ.

ಏಪ್ರಿಲ್ ಕೊನೆಯಲ್ಲಿ ಹಾಸನದ ಒಬ್ಬ ಲಾರಿ ಬ್ರೋಕರ್ ಅಂಗಡಿಯಲ್ಲಿ ಎರಡು ದಿನ ಕುಳಿತೆ. ಒಂದೇ ಕೋಣೆ, ಗೋಡೆಗೆ ದೇವರ ಪಟದ ಕ್ಯಾಲೆಂಡರು, ಮೇಜಿನ ಮೇಲೆ ಮೂರು ಮೊಬೈಲು, ಮೂಲೆ ಮಡಚಿದ ಇನ್ನೂರು ಪುಟದ ನೋಟ್‌ಬುಕ್ಕು. ಹೊರಗೆ ಎಪಿಎಂಸಿ ಕಡೆ ಪಂಜಾಬಿನ ಗಾಡಿಗಳು. ಹಾಸನದ ಆಲೂಗಡ್ಡೆಗೆ ಬಿತ್ತನೆ ಗಡ್ಡೆ ಜಲಂಧರದಿಂದ ಬರುತ್ತದೆ, ಅದು ಬರುವ ಕಾಲ ಇದು. ಅಷ್ಟು ದೂರದಿಂದ ಬಂದ ಗಾಡಿ ಬರಿಗೈಲಿ ಮರಳಿದರೆ ಗಡ್ಡೆಯ ಬೆಲೆ ಕೇಳುವಂತಿರುವುದಿಲ್ಲ. ಯಜಮಾನರು ನೋಟ್‌ಬುಕ್ ತೆರೆದು ಬೆರಳಿಟ್ಟರು. “ನೋಡಿ ಸ್ವಾಮಿ, ಈ ಗಾಡಿ ಇವತ್ತು ಸಂಜೆ ಇಲ್ಲಿ ಖಾಲಿ. ನಾಳೆ ಅರಸೀಕೆರೆ ದಾಟಿಸಿ ತಿಪಟೂರಿಗೆ ಕಳಿಸುತ್ತೇನೆ. ಅಲ್ಲಿ ಕೊಬ್ಬರಿ. ದೆಹಲಿಗೆ ಲೋಡು. ಡ್ರೈವರಿಗೂ ಖುಷಿ, ಕೊಬ್ಬರಿಯವನಿಗೂ ಖುಷಿ, ನನಗೂ ನಾಲ್ಕು ಕಾಸು.”

ಅವರ ನೋಟ್‌ಬುಕ್ಕಿನ ಮೂರು ಪುಟಗಳಲ್ಲಿ ಗಾಡಿ ನಂಬರು, ಖಾಲಿಯಾಗುವ ಊರು, ಗಂಟೆ, ಎಷ್ಟು ಟನ್ ಹಿಡಿಯುತ್ತದೆ, ಯಾವ ದಿಕ್ಕಿಗೆ ಮನಸ್ಸಿದೆ ಎಲ್ಲ ಇತ್ತು. ಊರಿಗೆ ಹಬ್ಬಕ್ಕೆ ಹೋಗಬೇಕಾದ ಡ್ರೈವರ್ ಹೆಸರಿನ ಪಕ್ಕ ಸಣ್ಣ ಗುರುತು ಕೂಡ. ನಾವು ಲಕ್ಷಾಂತರ ರೂಪಾಯಿ ಖರ್ಚು ಮಾಡಿ ಕಟ್ಟುತ್ತಿದ್ದ ಕೋಷ್ಟಕವನ್ನು ಅವರು ಬಾಲ್‌ಪೆನ್ನಿನಲ್ಲಿ ಬರೆದಿಟ್ಟಿದ್ದರು. ಇದನ್ನೇ ಆಪ್ ಮಾಡಿದರೆ ಹೇಗೆ ಎಂದು ಕೇಳಿದೆ. ಅಂಥವರು ಆಗಲೇ ಹತ್ತಾರು ಮಂದಿ ಬಂದು ಹೋಗಿದ್ದಾರೆ ಎಂದರು. “ಬಾಡಿಗೆ ಕೊಡದೆ ಕೈ ಎತ್ತಿದರೆ ಡ್ರೈವರ್ ಆಪ್‌ನ ಕಾಲರ್ ಹಿಡಿಯಲಾಗುತ್ತದೆಯೇ? ನನ್ನ ಕಾಲರ್ ಇಲ್ಲೇ ಇದೆ.”

ಬ್ರೋಕರನ್ನು ನಾನು ಹೊಗಳುತ್ತಿಲ್ಲ. ಕಮಿಷನ್ ಎರಡೂ ಕಡೆ ಕೀಳುತ್ತಾರೆ, ಸುಗ್ಗಿಯಲ್ಲಿ ಬಾಡಿಗೆ ಏರಿಸುತ್ತಾರೆ. ಆದರೂ ಖಾಲಿ ಗಾಡಿಯನ್ನು ಕಂಡ ಒಬ್ಬನೇ ಯೋಜಕ ಆ ಕೋಣೆಯಲ್ಲಿದ್ದ.

ಇನ್ನೊಂದು ಪಾಠ ಕಾಫಿ ಬೀಜದ ಸಿಪ್ಪೆ ತೆಗೆದು ಹದಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಆಯಿತು. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು, ಅದು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ಹಾಸನದಿಂದ ಮಂಗಳೂರು ಸುಮಾರು 170 ಕಿಲೋಮೀಟರ್. ಪಣಂಬೂರಿನ ನವಮಂಗಳೂರು ಬಂದರು 1974ರಿಂದ ಇದೆ. ಕೈಗೆಟುಕುವ ದೂರ. ಆದರೂ ನಾನು ಭೇಟಿಯಾದ ರಫ್ತುದಾರರು ವರ್ಷದಲ್ಲಿ ಕೆಲವು ಸಲವಾದರೂ ಕೊಚ್ಚಿಗೋ ಚೆನ್ನೈಗೋ ಕಳಿಸುತ್ತೇವೆ ಎಂದರು. ದುಡ್ಡು ಹೆಚ್ಚಾದರೂ ಪರವಾಗಿಲ್ಲವೇ?

ಗೋದಾಮಿನಲ್ಲಿ ನಿಂತೇ ಅವರಲ್ಲೊಬ್ಬರು ಲೆಕ್ಕ ಬಿಡಿಸಿದರು. ಇಪ್ಪತ್ತು ಅಡಿಯ ಕಂಟೇನರಿಗೆ 60 ಕಿಲೋ ಚೀಲ 320 ಹಿಡಿಯುತ್ತದೆ, ಅಂದರೆ 19.2 ಟನ್. ಆ ಕಂಟೇನರ್ ಹಾಸನದಲ್ಲಿ ಸಿಗುವುದಿಲ್ಲ. ಮಂಗಳೂರಿನಿಂದ ಬರಿದಾದ ಡಬ್ಬಿಯನ್ನು ಟ್ರೇಲರ್ ಮೇಲೆ ಘಾಟಿ ಹತ್ತಿಸಿ ತರಬೇಕು, ತುಂಬಿ ಮತ್ತೆ ಇಳಿಸಬೇಕು. ಕಡಲಿಗೆ ಒಂದು ಸಲ ಹೋಗುವ ಕಾಫಿಗೆ ಘಾಟಿಯ ಖರ್ಚು ಎರಡು ಸಲ. ಗುಂಡ್ಯದ ಪಟ್ಟಿಯಲ್ಲಿ ಮೇಲಕ್ಕೆ ಹೋಗುತ್ತಿದ್ದ ‘ಒಂದು ಟನ್ ಇತರೆ’ಗಳಲ್ಲಿ ಕೆಲವು ಇವೇ ಡಬ್ಬಿಗಳು! ಹಡಗು ತಪ್ಪಿದರೆ ಮುಂದಿನ ಹಡಗಿನವರೆಗೆ ಬಂದರಿನಲ್ಲಿ ಕಾಯಬೇಕು, ಅದಕ್ಕೆ ಬೇರೆ ಬಾಡಿಗೆ. ಮಳೆಗಾಲದಲ್ಲಿ ಘಾಟಿ ಯಾವತ್ತು ಮುಚ್ಚುತ್ತದೋ ಯಾರು ಬಲ್ಲರು? “ದೂರ ಇದ್ದರೂ ಚಿಂತೆ ಇಲ್ಲ, ಇಂಥ ದಿನ ತಲುಪುತ್ತದೆ ಎಂದು ಗೊತ್ತಿರಬೇಕು. ಕೊಳ್ಳುವವನಿಗೆ ನಾನು ದಿನಾಂಕ ಮಾರುತ್ತೇನೆ ಸಾರ್, ಕಾಫಿ ಎಲ್ಲರ ಹತ್ತಿರವೂ ಇದೆ.”

ರೈಲು? ಅದನ್ನೂ ಕೇಳಿಕೊಂಡು ಹೋದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಹಳಿ, 57 ಸುರಂಗ, ಐವತ್ತಕ್ಕೆ ಒಂದರ ಏರು. ಭಾರದ ಗಾಡಿ ಹತ್ತಬೇಕಾದರೆ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಬೇಕು. ಒಂದೇ ಹಳಿ, ಆದ್ದರಿಂದ ದಿನಕ್ಕೆ ಇಷ್ಟೇ ಗಾಡಿ ಎಂಬ ಮಿತಿ. ಅದಕ್ಕಿಂತ ದೊಡ್ಡ ತೊಡಕು ರೇಕ್, ಅಂದರೆ ಒಟ್ಟಿಗೇ ಹಿಡಿಯಬೇಕಾದ ಇಡೀ ವ್ಯಾಗನ್ ಸಾಲು. 42 ವ್ಯಾಗನ್ನಿನ ಪೂರ್ತಿ ರೇಕ್ ಎಂದರೆ ಎರಡೂವರೆ ಸಾವಿರ ಟನ್ನಿಗೂ ಮೇಲೆ. ಗೊಬ್ಬರಕ್ಕೆ, ಕಲ್ಲಿದ್ದಲಿಗೆ ಅದು ಸರಿ. 19 ಟನ್ನಿನ ರಫ್ತುದಾರ ನೂರ ಮೂವತ್ತಕ್ಕೂ ಹೆಚ್ಚು ಜನ ಒಂದೇ ದಿನ ಒಂದೇ ಯಾರ್ಡಿಗೆ ಬಂದು ಕೂಡಬೇಕಷ್ಟೆ. ನಮ್ಮ ತಂಡದಲ್ಲೇ ಒಬ್ಬರು ಲಾರಿಯನ್ನೇ ರೈಲಿಗೆ ಹತ್ತಿಸುವ ರೋ-ರೋ ಹೇಳಿದರು. ಕೊಂಕಣ ರೈಲ್ವೆ 1999ರಿಂದ ಲಾರಿಗಳನ್ನು ಒಯ್ಯುತ್ತಿದೆ, ಸುರತ್ಕಲ್‌ಗೂ ಬರುತ್ತದೆ. 2020ರಲ್ಲಿ ನೆಲಮಂಗಲದಿಂದ ಸೊಲ್ಲಾಪುರದ ಬಳಿಯ ಬಾಳೆ ನಿಲ್ದಾಣಕ್ಕೂ ಆರಂಭಿಸಿದರು, ಅದು 682 ಕಿಲೋಮೀಟರ್. ಅಷ್ಟು ದೂರಕ್ಕೆ ಅದು ಒಪ್ಪುತ್ತದೆ. 55 ಕಿಲೋಮೀಟರಿಗೆ ಲಾರಿಯನ್ನು ಹತ್ತಿಸಿ ಕಟ್ಟಿ ಬಿಚ್ಚಿ ಇಳಿಸುವಷ್ಟರಲ್ಲಿ ಅದು ತನ್ನ ಕಾಲಲ್ಲೇ ಉಪ್ಪಿನಂಗಡಿ ಮುಟ್ಟಿರುತ್ತದೆ.

ಜುಲೈ ಬಂತು. 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಬುಡದ ಮಣ್ಣು ಜಾರಿ ರೈಲು ನಿಂತಿತು. 30ರಂದು ಸಕಲೇಶಪುರದ ಕೆಳಗೆ ದೊಡ್ಡತಪ್ಪಲಿನ ಬಳಿ ಗುಡ್ಡ ಕುಸಿದು ರಸ್ತೆಯೂ ಬಂದಾಯಿತು. ಒಂದೇ ವಾರದಲ್ಲಿ ಎರಡು ಬಾಗಿಲೂ ಮುಚ್ಚಿದವು. ನಾನು ಸಕಲೇಶಪುರದಲ್ಲಿದ್ದೆ. ಸಮೀಕ್ಷೆಗೆಂದು ಹೋದದ್ದಲ್ಲ, ಮಂಗಳೂರಿನ ಸಭೆಗೆ ಹೊರಟು ಸಿಕ್ಕಿಕೊಂಡದ್ದು.

ಊರಾಚೆ ರಸ್ತೆಯಂಚಿನಲ್ಲಿ ಲಾರಿಗಳ ಸಾಲು ಮಳೆಯಲ್ಲಿ ನೆನೆಯುತ್ತಿತ್ತು. ಒಂದು ಗಾಡಿಯ ಕೆಳಗೆ ಟಾರ್ಪಾಲು ಇಳಿಬಿಟ್ಟು, ಸ್ಟೆಪ್ನಿ ಟೈರಿಗೆ ಒರಗಿ ಇಬ್ಬರು ಪಂಪ್ ಸ್ಟವ್ ಹಚ್ಚಿ ಅನ್ನಕ್ಕಿಟ್ಟಿದ್ದರು. ಅಚ್ಚಿನಿಂದ ಕೆಸರು ನೀರು ತೊಟ್ಟಿಕ್ಕುತ್ತಿತ್ತು. ಒಬ್ಬ ಪಾತ್ರೆಯ ಮೇಲೆ ತಟ್ಟೆ ಮುಚ್ಚಿ ಅಂಗೈ ಒತ್ತಿ ಹಿಡಿದಿದ್ದ. ಪಕ್ಕದ ಗಾಡಿಯಲ್ಲಿ ಹೂಕೋಸು, ಮೂಟೆಯ ಸಂದಿಯಿಂದ ಆಗಲೇ ಕೊಳೆತ ವಾಸನೆ. ಯಾವಾಗ ತೆರೆಯುತ್ತಾರೆ ಎಂದು ಅದರ ಚಾಲಕ ನನ್ನನ್ನು ಕೇಳಿದ, ಕೈಯಲ್ಲಿ ಕಡತ ಕಂಡು ಸರಕಾರದವನು ಅಂದುಕೊಂಡಿರಬೇಕು. ಯಾವಾಗ ತೆರೆಯುತ್ತಾರೆ ಎಂದು ಗೊತ್ತಿದ್ದರೆ ಅವನು ಬೆಂಗಳೂರಿಗೆ ಗಾಡಿ ತಿರುಗಿಸಿ ಸಿಕ್ಕ ಬೆಲೆಗೆ ಮಾರುತ್ತಿದ್ದ. ಗೊತ್ತಿಲ್ಲದ್ದರಿಂದ ಕಾದ. ನಮ್ಮ ಕರಡಿನಲ್ಲಿ ಆ ಹೊತ್ತಿಗೆ ‘ವಿಳಂಬ’ ಎಂಬ ಶಬ್ದ ಹನ್ನೆರಡು ಕಡೆ ಇತ್ತು, ಶೌಚಾಲಯ ಎಂಬ ಶಬ್ದ ಒಂದು ಕಡೆಯೂ ಇರಲಿಲ್ಲ.

ಆ ರಾತ್ರಿ ಕರಡನ್ನು ಕಿತ್ತು ಹೊಸದಾಗಿ ಕಟ್ಟಲು ಶುರು ಮಾಡಿದೆವು. ನೂರು ಎಕರೆಯ ಟರ್ಮಿನಲ್ ಹೋಯಿತು. ಅದರ ಬದಲು ಘಾಟಿಯ ಎರಡೂ ಬದಿಗೆ ಲಾರಿ ನಿಲ್ಲಲು ಗಟ್ಟಿ ನೆಲ, ನೀರು, ಶೌಚಾಲಯ, ಅಡುಗೆಗೆ ಸೂರು. ಹಾಸನದ ಟೋಲಿನಲ್ಲಿ, ಬಿ.ಸಿ. ರೋಡಿನಲ್ಲಿ, ಅಂದರೆ ಇನ್ನೂ ಗಾಡಿ ತಿರುಗಿಸಬಹುದಾದ ಜಾಗದಲ್ಲಿ, ಘಾಟಿಯ ಸ್ಥಿತಿ ಹೇಳುವ ಫಲಕ. ಹಾಸನದಲ್ಲಿ ಬರಿದಾದ ಕಂಟೇನರುಗಳ ದಾಸ್ತಾನು. ಅವುಗಳನ್ನು ಬಂದರಿನಿಂದ ರೈಲಿನಲ್ಲಿ ಒಟ್ಟಿಗೆ ತರುವ ಏರ್ಪಾಟು. ವಾಪಸು ಲೋಡು ಹುಡುಕುವ ಕಟ್ಟೆ, ಅದರಲ್ಲಿ ಬ್ರೋಕರುಗಳಿಗೂ ಮೇಜು. ಅವರನ್ನು ಹೊರಗಿಟ್ಟು ಮಾಡಿದ ವ್ಯವಸ್ಥೆ ಆರು ತಿಂಗಳು ಬಾಳುವುದಿಲ್ಲ ಎಂಬ ನನ್ನ ವಾದಕ್ಕೆ ತಂಡದಲ್ಲಿ ಜಗಳವೇ ಆಯಿತು.

ಜಿಲ್ಲಾ ಮಟ್ಟದ ಸಭೆಯಲ್ಲಿ ಇದನ್ನೆಲ್ಲ ಇಟ್ಟಾಗ ಮೊದಲ ಪ್ರಶ್ನೆ ಸುರಂಗದ ಬಗ್ಗೆ ಬಂತು. ಶಿರಾಡಿಯಲ್ಲಿ ಸುಮಾರು 23 ಕಿಲೋಮೀಟರಿನ ಸುರಂಗ ಮತ್ತು ಸೇತುವೆಗಳ ಮಾರ್ಗದ ಮಾತು ವರ್ಷಗಳಿಂದ ಇದೆ. ಅದು ಬೇಕು ಎಂದೇ ನಾನೂ ಹೇಳಿದೆ. ಆದರೆ ಸುರಂಗ ಬಂದರೂ ಖಾಲಿ ಡಬ್ಬಿ ಖಾಲಿಯಾಗಿಯೇ ಹತ್ತುತ್ತದೆ, ಸ್ವಲ್ಪ ಬೇಗ ಹತ್ತುತ್ತದೆ ಎಂದಾಗ ಯಾರೂ ನಗಲಿಲ್ಲ. ಎರಡನೆಯ ಪ್ರಶ್ನೆ ಹಿರಿಯ ಅಧಿಕಾರಿಯೊಬ್ಬರದು: ಇದರಿಂದ ಎಷ್ಟು ಉದ್ಯೋಗ ಸೃಷ್ಟಿ? ಆರ್ಥಿಕ ಅಭಿವೃದ್ಧಿ ಎಂದು ಹೆಸರಿಟ್ಟ ಮೇಲೆ ಆ ಪ್ರಶ್ನೆ ಬರುವುದು ಸಹಜ. ಲಾರಿ ನಿಲ್ದಾಣದ ಕಾವಲುಗಾರರನ್ನು ಎಣಿಸಿ ಒಂದು ಸಂಖ್ಯೆ ಹೇಳಬಹುದಿತ್ತು. ಹೇಳಲಿಲ್ಲ. ಘಾಟಿಯ ಖರ್ಚು ಇಳಿದರೆ ಹಾಸನದಲ್ಲಿ ಹೊಸ ಗಿರಣಿ ಹಾಕುವವನು ಹಾಕುತ್ತಾನೆ, ಅವನ ಕೂಲಿಗಳ ಲೆಕ್ಕವನ್ನು ಇಂದೇ ಬರೆದುಕೊಡಲಾರೆ ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

ಡಿಸೆಂಬರ್‌ನಲ್ಲಿ ವರದಿ ಒಪ್ಪಿಸಿದೆವು. ತಿಂಗಳ ಮೇಲೆ ತಿದ್ದುಪಡಿಗಳೊಂದಿಗೆ ಮರಳಿ ಬಂತು. ಕಂಟೇನರ್ ದಾಸ್ತಾನು ಉಳಿದಿತ್ತು, ಫಲಕಗಳು ಉಳಿದಿದ್ದವು, ಬ್ರೋಕರುಗಳ ಮೇಜು ‘ಸಂಬಂಧಪಟ್ಟ ಪಾಲುದಾರರು’ ಆಗಿತ್ತು, ಅಡುಗೆಯ ಸೂರು ಅನುಬಂಧಕ್ಕೆ ಸರಿದಿತ್ತು. ಹೂಕೋಸಿನವನ ಫೋಟೊ ತೆಗೆದುಹಾಕಿ ಎಂಬ ಟಿಪ್ಪಣಿಯೂ ಇತ್ತು. ತೆಗೆಯಲಿಲ್ಲ, ಸಣ್ಣದು ಮಾಡಿದೆ.

ಈಗ ಮಂಡ್ಯದ ಕಡೆ ಕಬ್ಬು ಮತ್ತು ಬೆಲ್ಲದ ಸಾಗಣೆಯ ಇನ್ನೊಂದು ಸಮೀಕ್ಷೆಗೆ ತಯಾರಿ ನಡೆದಿದೆ. ಬಿ.ಕಾಂ. ಮುಗಿಸಿದ ಆ ಹುಡುಗಿ ನಮ್ಮಲ್ಲೇ ಕೆಲಸಕ್ಕೆ ಸೇರಿದ್ದಾಳೆ. ಹೊಸ ಆಪ್ ಸಿದ್ಧವಾದ ಕೂಡಲೇ ಅವಳಿಗೆ ಕಳಿಸಿದೆ, ಸೊನ್ನೆ ಹೊಡೆದು ನೋಡು ಎಂದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು.

“ಸೊನ್ನೆ ಸರಿ ಇದೆ ಸರ್. ಆದರೆ ಗಾಡಿಗಳ ಪಟ್ಟಿಯಲ್ಲಿ ಟ್ರ್ಯಾಕ್ಟರ್ ಇಲ್ಲ. ಎತ್ತಿನ ಗಾಡಿಯೂ ಇಲ್ಲ.”